ಲೆಕ್ಕ ನಂಬಿಕೆಗೆ ಬಗ್ಗುತ್ತದೆಯೇ?

ಪ್ರಶ್ನೆ: −7 ಅನ್ನು 2ರಿಂದ ಭಾಗಿಸಿ ಪೂರ್ಣಾಂಕ ಕೇಳಿದರೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ −3 ಅನ್ನುತ್ತದೆ, ಪೈಥಾನ್ ಎಂಬ ಇನ್ನೊಂದು ಭಾಷೆ −4 ಅನ್ನುತ್ತದೆ. ಹಾಗಾದರೆ ಲೆಕ್ಕವೂ ಅವರವರ ನಂಬಿಕೆಗೆ ಬಿಟ್ಟದ್ದೇ?

ಉತ್ತರ: ನಂಬಿಕೆಗಲ್ಲ, ನಿಯಮಕ್ಕೆ. ಇರುವ ಉತ್ತರ −3.5. ಸಿ ಅದನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಪೈಥಾನಿನ ಪೂರ್ಣಾಂಕ ಭಾಗಾಕಾರದ ಚಿಹ್ನೆ // ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ಶೇಷ ಸೇರಿಸಿ ತಾಳೆ ನೋಡಿ: 2×(−3)−1 = −7, 2×(−4)+1 = −7. ಎರಡೂ ಸರಿ. 1999ರ ಮಾನಕ ಬರುವವರೆಗೆ ಸಿ ಭಾಷೆಯಲ್ಲಿ ಇದು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ತಂತ್ರಾಂಶ) ಬರೆದವರ ಇಷ್ಟಕ್ಕೇ ಬಿಟ್ಟಿತ್ತು!

ಎಡವುವುದು ವಾರದ ಲೆಕ್ಕದಲ್ಲಿ. ಭಾನುವಾರ 0, ಸೋಮವಾರ 1 ಎಂದಿಟ್ಟುಕೊಳ್ಳಿ. ಸೋಮವಾರದಿಂದ 3 ದಿನ ಹಿಂದೆ ಹೋದರೆ −2. ಅದಕ್ಕೆ 7ರ ಶೇಷ ಪೈಥಾನಿನಲ್ಲಿ 5, ಅಂದರೆ ಶುಕ್ರವಾರ. ಸಿ ಕೊಡುವುದು −2. ಅದನ್ನೇ ಅರೇಯ (ಮೆಮೊರಿಯಲ್ಲಿ ಸಾಲಾಗಿ ಇಟ್ಟ ಪಟ್ಟಿಯ) ಸ್ಥಾನವಾಗಿ ಬಳಸಿದರೆ ಅರೇಯ ಹೊರಗಿನ ಮೆಮೊರಿಗೆ ಕೈ ಹಾಕಿದಂತೆ. ಬಂದ ಶೇಷಕ್ಕೆ 7 ಕೂಡಿಸಿ ಮತ್ತೊಮ್ಮೆ 7ರ ಶೇಷ ತೆಗೆಯಿರಿ, ಎರಡರಲ್ಲೂ 5 ಬರುತ್ತದೆ.

ಪ್ರಶ್ನೆ: ‘ಒಂದು ಮಾತು ನಿಜ, ಇಲ್ಲವೇ ಸುಳ್ಳು’ ಎಂಬುದನ್ನೇ ಒಪ್ಪದ ಗಣಿತಜ್ಞರಿದ್ದಾರಂತೆ. ಅವರ ಗಣಿತ ಬೇರೆಯೇ?

ಉತ್ತರ: ಅನಂತದ ವಿಚಾರದಲ್ಲಿ ಆ ನಿಯಮವನ್ನು ಕಣ್ಣುಮುಚ್ಚಿ ಬಳಸಬಾರದೆಂದು ಡಚ್ ಗಣಿತಜ್ಞ ಬ್ರೌವರ್ 1908ರಲ್ಲೇ ತಕರಾರೆತ್ತಿದರು. ಒಂದು ಉದಾಹರಣೆ: ಅಭಾಗಲಬ್ಧ ಸಂಖ್ಯೆಗೆ (√2ರಂತೆ ಭಿನ್ನರಾಶಿಯಾಗಿ ಬರೆಯಲಾಗದ್ದಕ್ಕೆ) ಅಭಾಗಲಬ್ಧ ಘಾತ ಕೊಟ್ಟರೆ ಭಾಗಲಬ್ಧ ಸಿಗಬಹುದೇ? √2^√2 ಭಾಗಲಬ್ಧವಾದರೆ ಸಿಕ್ಕಿತು. ಅಲ್ಲವಾದರೆ ಅದಕ್ಕೇ ಮತ್ತೆ √2 ಘಾತ ಕೊಡಿ, 2 ಬರುತ್ತದೆ. ಚೆಂದದ ಸಾಧನೆ, ಆದರೆ ಎರಡರಲ್ಲಿ ಯಾವುದು ಎಂದು ಹೇಳುವುದೇ ಇಲ್ಲ. ಬ್ರೌವರ್ ಪಕ್ಷದವರು ಒಪ್ಪದಿರುವುದು ಇದನ್ನೇ. ಉತ್ತರವನ್ನಲ್ಲ, ದಾರಿಯನ್ನು.

ಅವರೂ ಒಪ್ಪುವ ದಾರಿಯಿದೆ. √2ಕ್ಕೆ, 2 ಆಧಾರವಾಗಿರುವ 9ರ ಲಾಗರಿದಮ್ಮನ್ನು ಘಾತವಾಗಿ ಕೊಡಿ. ಉತ್ತರ ನೇರವಾಗಿ 3. ಆ ಲಾಗರಿದಮ್ ಭಿನ್ನರಾಶಿಯಾಗಿದ್ದರೆ 2ರ ಯಾವುದೋ ಘಾತ 9ರ ಯಾವುದೋ ಘಾತಕ್ಕೆ ಸಮವಾಗಬೇಕು. ಒಂದು ಸಮ, ಇನ್ನೊಂದು ಬೆಸ, ಆಗದ ಮಾತು.

ಪ್ರಶ್ನೆ: ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಭಾಷೆಯಲ್ಲಿ ‘ನಾಟ್ ಇನ್’ (ಈ ಪಟ್ಟಿಯಲ್ಲಿ ಇಲ್ಲದ್ದು) ಎಂಬ ಷರತ್ತು ಹಾಕಿದರೆ ಒಂದು ಸಾಲೂ ಬರುತ್ತಿಲ್ಲ. ಬರಬೇಕಾದ ಸಾಲುಗಳು ಟೇಬಲ್‌ನಲ್ಲಿವೆ.

ಉತ್ತರ: ಒಳಗಿನ ಪಟ್ಟಿಯಲ್ಲಿ ಎಲ್ಲೋ ಒಂದು ನಲ್ (ಬೆಲೆ ತುಂಬದ ಖಾಲಿ ಜಾಗ) ಕೂತಿರಬೇಕು. ಎಸ್‌ಕ್ಯೂಎಲ್ ತರ್ಕದಲ್ಲಿ ನಿಜ, ಸುಳ್ಳು ಅಲ್ಲದೆ ‘ಗೊತ್ತಿಲ್ಲ’ ಎಂಬ ಮೂರನೆಯದೂ ಇದೆ. ‘ನಾಟ್ ಇನ್’ ಪಟ್ಟಿಯ ಒಂದೊಂದರ ಜೊತೆಗೂ ಹೋಲಿಸುತ್ತದೆ, ಆದರೆ 5 ಮತ್ತು ನಲ್ ಬೇರೆ ಬೇರೆಯೇ ಎಂದು ಕೇಳಿದರೆ ‘ಗೊತ್ತಿಲ್ಲ’. ಸಾಲುಗಳನ್ನು ಆರಿಸುವ ‘ವೇರ್’ ಒಳಬಿಡುವುದು ನಿಜವನ್ನಷ್ಟೇ. ಒಳಗಿನ ಕ್ವೆರಿಗೆ ‘ಈಸ್ ನಾಟ್ ನಲ್’ ಸೇರಿಸಿ, ಅಥವಾ ‘ನಾಟ್ ಎಕ್ಸಿಸ್ಟ್ಸ್’ ಬಳಸಿ.