ದೊಡ್ಡವರ ಆಸ್ತಮಾ ಹತೋಟಿಯಲ್ಲಿದೆಯಾ ಅಂತ ತಿಳಿಯುವುದು ಹೇಗೆ?

"ಆರಾಮಾಗಿದ್ದೀನಿ" ಅನ್ನುವ ರೋಗಿಯ ಮಾತನ್ನು ಸುಮ್ನೆ ನಂಬಬಾರದು. ಉಬ್ಬಸಕ್ಕೆ ಒಗ್ಗಿಹೋದವರೂ ಹಾಗೇ ಹೇಳುತ್ತಾರೆ. ಕಳೆದ 4 ವಾರಗಳನ್ನು ಕೆದಕಿ ಕೇಳಬೇಕು. ಹಗಲಲ್ಲಿ ಉಬ್ಬಸ, ಕೆಮ್ಮು ವಾರಕ್ಕೆ 2 ಸಲಕ್ಕಿಂತ ಜಾಸ್ತಿ ಬಂತಾ? ತಕ್ಷಣದ ಆರಾಮಕ್ಕೆ ಎಳೆಯುವ ಇನ್ಹೇಲರ್ ಕೂಡ ವಾರಕ್ಕೆ 2 ಸಲಕ್ಕಿಂತ ಜಾಸ್ತಿ ಬೇಕಾಯಿತಾ? ರಾತ್ರಿ ಒಮ್ಮೆಯಾದರೂ ಉಸಿರು ಕಟ್ಟಿ ಎಚ್ಚರವಾಯಿತಾ? ಮೆಟ್ಟಿಲು ಹತ್ತುವುದು, ಓಡಾಟ ಕಡಿಮೆಯಾಯಿತಾ? ಎಲ್ಲಕ್ಕೂ ಇಲ್ಲ ಅಂದರೆ ಹತೋಟಿ ಚೆನ್ನಾಗಿದೆ. ಒಂದೆರಡು ಹೌದಾದರೆ ಅರೆಬರೆ. 3-4 ಹೌದಾದರೆ ಕೈ ಮೀರಿದೆ.

ಅಂಕ ಬೇಕಿದ್ದರೆ 5 ಪ್ರಶ್ನೆಗಳ ಆಸ್ತಮಾ ಕಂಟ್ರೋಲ್ ಟೆಸ್ಟ್ ಇದೆ. 25ಕ್ಕೆ 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಒಳ್ಳೆಯದು. ಆದರೆ ಕಳೆದ ವರ್ಷ ಆಸ್ತಮಾ ಜೋರಾಗಿ ಕೆರಳಿದ್ದರೆ, ಈಗಿನ ಅಂಕ ಚೆನ್ನಾಗಿದ್ದರೂ ಅಪಾಯ ಇದ್ದೇ ಇದೆ. ಔಷಧಿ ಏರಿಸುವ ಮೊದಲು ಇನ್ಹೇಲರ್ ಎಳೆದು ತೋರಿಸಲು ಹೇಳಿ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ.