ಮಾವನವರ ಮಂಡಿ, ಬ್ಯಾಂಕಿನ ಪತ್ರ, ರಿಜಿಸ್ಟರಿನ ನಕಲು

ಪ್ರಶ್ನೆ: ನಮ್ಮ ಮಾವನವರು 1986ರಲ್ಲಿ ಇನ್ನಿಬ್ಬರ ಜೊತೆ ಸೇರಿ ದಾವಣಗೆರೆಯಲ್ಲಿ ಶೇಂಗಾ, ಹತ್ತಿಯ ಕಮಿಷನ್ ಮಂಡಿ ಶುರು ಮಾಡಿದರು. ಫರ್ಮ್ ಆಗಲೇ ರಿಜಿಸ್ಟರ್ ಆಗಿದೆ. ಈಗ ಮೆಕ್ಕೆಜೋಳದ ವ್ಯಾಪಾರ. ಒಬ್ಬ ಪಾಲುದಾರರು ಬಹಳ ಹಿಂದೆಯೇ ಬಿಟ್ಟುಹೋದರು. ಮಾವ ಹೋದ ವರ್ಷ ತೀರಿಕೊಂಡರು. ಅವರಿರುವಾಗಲೇ ನಮ್ಮ ಯಜಮಾನರನ್ನು ಪಾಲುದಾರರಾಗಿ ಸೇರಿಸಿಕೊಂಡು ಛಾಪಾ ಕಾಗದದಲ್ಲಿ ಪತ್ರ ಮಾಡಿದ್ದಾರೆ. ಓವರ್‌ಡ್ರಾಫ್ಟ್ ಸಾಲದ ಮಿತಿ ಜಾಸ್ತಿ ಮಾಡಿಸಲು ಹೋದರೆ ಬ್ಯಾಂಕಿನವರು ಫರ್ಮ್ ರಿಜಿಸ್ಟರಿನ ದೃಢೀಕೃತ ನಕಲು ತನ್ನಿ ಅಂತಾರೆ. ಅಸಲು ಸರ್ಟಿಫಿಕೇಟು ಗೆದ್ದಲು ತಿಂದಿದೆ. ಝೆರಾಕ್ಸ್ ಇದೆ. ಅದಕ್ಕೇ ನೋಟರಿ ಸೀಲು ಹಾಕಿಸಿ ಕೊಟ್ಟರೆ ಸಾಲದಾ?
(ಓದುಗರು, ದಾವಣಗೆರೆ)

ಸಾಲದು ತಂಗಿ. ಅಸಲನ್ನೂ ಝೆರಾಕ್ಸನ್ನೂ ಎದುರಿಗಿಟ್ಟರೆ ಎರಡೂ ಒಂದೇ ಅಂತ ನೋಟರಿ ಸಹಿ ಹಾಕುತ್ತಾರೆ. ನಿಮ್ಮ ಅಸಲು ಗೆದ್ದಲ ಹೊಟ್ಟೆಯಲ್ಲಿದೆ. ಅಸಲು ಇದ್ದಿದ್ದರೂ ಕೆಲಸ ಆಗುತ್ತಿರಲಿಲ್ಲ ಬಿಡಿ. ಆ ಸರ್ಟಿಫಿಕೇಟು 1986ರ ಮಾತು ಹೇಳುತ್ತದೆ. ಇವತ್ತು ಸರ್ಕಾರದ ಪುಸ್ತಕದಲ್ಲಿ ಈ ಫರ್ಮಿನ ಪಾಲುದಾರರು ಯಾರು ಅಂತ ಬ್ಯಾಂಕಿಗೆ ಬೇಕು.

ಆ ಪುಸ್ತಕ ಇರುವುದು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ. ನಮ್ಮ ರಾಜ್ಯದಲ್ಲಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯೇ ಆ ಕೆಲಸ ನೋಡುತ್ತಾರೆ. ಸೈಟು, ಹೊಲ ರಿಜಿಸ್ಟರ್ ಮಾಡಿಸುವ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ಯೂನಲ್ಲಿ ಸುಮ್ನೆ ನಿಲ್ಲಬೇಡಿ.

ಇಲ್ಲಿ ಒಂದು ತೊಡಕಿದೆ. 1986ರಲ್ಲಿ ದಾವಣಗೆರೆ ಜಿಲ್ಲೆಯೇ ಇರಲಿಲ್ಲ. ನಾವೆಲ್ಲ ಚಿತ್ರದುರ್ಗ ಜಿಲ್ಲೆಯವರು. ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಝೆರಾಕ್ಸ್ ತೆಗೆದು ಸೀಲನ್ನು ಕಣ್ಣಿಟ್ಟು ನೋಡಿ. ಗುಂಡಗಿನ ಸೀಲಿನ ಅಂಚಿನಲ್ಲಿ ಚಿತ್ರದುರ್ಗ ಅಂತ ಇದ್ದರೆ ಗಾಬರಿ ಬೇಡ. ನೋಂದಣಿ ಸಂಖ್ಯೆ, ವರ್ಷ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಮೊದಲು ದಾವಣಗೆರೆ ಕಚೇರಿಯಲ್ಲಿ ಕೇಳಿ. ಹಳೆ ಪುಸ್ತಕ ಇಲ್ಲಿಲ್ಲ ಅಂದರೆ ದುರ್ಗದ ಬಸ್ಸು ಹತ್ತಿ. ಚನ್ನಗಿರಿ, ಹೊನ್ನಾಳಿಯ ಅಡಿಕೆ ವ್ಯಾಪಾರಿಗಳಿಗೂ ಇದೇ ಮಾತು. ಆಗ ಅವರು ಶಿವಮೊಗ್ಗ ಜಿಲ್ಲೆ. ಸಂಖ್ಯೆ ಇಲ್ಲದೆ ಬರೀ ಫರ್ಮಿನ ಹೆಸರು ಹೇಳಿದರೆ ಹುಡುಕುವವರಿಗೂ ಕಷ್ಟ, ನಿಮಗೂ ಕಷ್ಟ. ಬಸವೇಶ್ವರ ಟ್ರೇಡರ್ಸ್ ಅಂದರೆ ಎಷ್ಟು ಮಂದಿ ಸಿಗುವುದಿಲ್ಲ ಹೇಳಿ!

ನಕಲಿಗೆ ಅರ್ಜಿ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಪುಸ್ತಕವನ್ನು ಕಣ್ಣಾರೆ ನೋಡಿ. 1932ರ ಪಾಲುದಾರಿಕೆ ಕಾಯ್ದೆಯ 66ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಫರ್ಮ್ ರಿಜಿಸ್ಟರನ್ನು ನೋಡಬಹುದು, ಆ ಫರ್ಮಿನವರು ಸಲ್ಲಿಸಿದ ಹೇಳಿಕೆ, ನೋಟೀಸುಗಳನ್ನೂ ನೋಡಬಹುದು. ನಾನು ಮಂಡಿಪೇಟೆಯಲ್ಲಿ ಲೆಕ್ಕ ಬರೆಯುತ್ತಲೇ ತಲೆ ಹಣ್ಣು ಮಾಡಿಕೊಂಡವನು. ನೋಡದೆ ನಕಲು ತಂದು ಬ್ಯಾಂಕಿಗೆ ಕೊಟ್ಟು ಪೇಚಿಗೆ ಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಯಾಕೆಂದರೆ ನೀವು ತಿಳಿಸಿದ್ದಷ್ಟೇ ಆ ಪುಸ್ತಕದಲ್ಲಿರುತ್ತದೆ. ಪೌತಿ ಖಾತೆ ಮಾಡಿಸದಿದ್ದರೆ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಬರುತ್ತದಲ್ಲ, ಇದೂ ಹಾಗೇ. ನಿಮ್ಮ ಯಜಮಾನರ ಪತ್ರ ಛಾಪಾ ಕಾಗದದಲ್ಲಿ ಆಗಿದೆ ಅಂದಿರಿ. ರಿಜಿಸ್ಟ್ರಾರಿಗೆ ತಿಳಿಸಿದ್ದೀರಾ ಅನ್ನುವುದನ್ನು ಬರೆದಿಲ್ಲ. ತಿಳಿಸಿಲ್ಲ ಅಂತಲೇ ನನ್ನ ಅನುಮಾನ. ಹಾಗಿದ್ದರೆ ಬರುವ ನಕಲಿನಲ್ಲಿ ಮಾವನವರಿರುತ್ತಾರೆ, ಬಿಟ್ಟುಹೋದವರಿರುತ್ತಾರೆ, ಸಾಲಕ್ಕೆ ಸಹಿ ಹಾಕಬೇಕಾದ ನಿಮ್ಮ ಯಜಮಾನರು ಇರುವುದಿಲ್ಲ!

ಆಗ ಮೊದಲು 63ನೇ ಕಲಂ ಕೆಳಗೆ ಬದಲಾವಣೆಯ ನೋಟೀಸು ಕೊಡಬೇಕು. ಯಾರು ಯಾವ ತಾರೀಖು ಸೇರಿದರು, ಯಾರು ಯಾವತ್ತು ಬಿಟ್ಟರು, ಯಾರು ತೀರಿಕೊಂಡರು ಅಂತ. ಜೊತೆಗೆ ಮರಣ ಪ್ರಮಾಣಪತ್ರ, ಹಳೆ ಮತ್ತು ಹೊಸ ಪಾಲುದಾರಿಕೆ ಪತ್ರ ಇಟ್ಟುಕೊಂಡಿರಿ. ಬಿಟ್ಟುಹೋದವರ ವಿಷಯ ಅವರಿಗೂ ಮುಖ್ಯ. ಬಹಿರಂಗ ನೋಟೀಸು ಆಗುವವರೆಗೆ ಹೊರಗಿನವರ ಕಣ್ಣಿಗೆ ಅವರಿನ್ನೂ ಪಾಲುದಾರರೇ, ಸಾಲ ಅವರ ಬಾಗಿಲಿಗೂ ಹೋಗಬಹುದು. ಆ ನೋಟೀಸು ಅಂದರೆ ರಿಜಿಸ್ಟ್ರಾರಿಗೆ ಕೊಟ್ಟಿದ್ದಷ್ಟೇ ಅಲ್ಲ. ಗೆಜೆಟ್ಟಿನಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ಹಳೇ ಪರಿಚಯ ಇದ್ದೇ ಇರುತ್ತದೆ, ಹೋಗಿ ಸಹಿ ಕೇಳಿ. ಸಂತೋಷದಿಂದಲೇ ಹಾಕುತ್ತಾರೆ.

ಇನ್ನೊಂದು ವಿಷಯ. ಪಾಲುದಾರರೊಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯುತ್ತದೆ ಅಂತ ನಿಮ್ಮ ಪತ್ರದಲ್ಲಿ ಬರೆದಿದೆಯಾ ನೋಡಿ. ಬೇರೆ ಕರಾರು ಇಲ್ಲದಿದ್ದರೆ 42ನೇ ಕಲಂ ಪ್ರಕಾರ ಸಾವಿನೊಂದಿಗೆ ಫರ್ಮ್ ವಿಸರ್ಜನೆ ಆಗುತ್ತದೆ. ಆ ಸಾಲು ಇಲ್ಲ ಅಂತಾದರೆ ನಕಲಿನ ಮಾತು ಪಕ್ಕಕ್ಕಿಟ್ಟು ಮೊದಲು ವಕೀಲರನ್ನು ಕಾಣಿ.

ಪುಸ್ತಕ ಸರಿ ಆದ ಮೇಲೆ 67ನೇ ಕಲಂ ಕೆಳಗೆ ನಕಲು ಕೇಳಿ. ಫರ್ಮಿನ ಹೆಸರು, ಸಂಖ್ಯೆ, ವರ್ಷ ಬರೆದು ‘ಬದಲಾವಣೆಗಳ ಸಮೇತ ಪೂರ್ತಿ ನಮೂದಿನ ದೃಢೀಕೃತ ನಕಲು’ ಅಂತ ಸ್ಪಷ್ಟವಾಗಿ ಹಾಕಿ. ಬರೀ ‘ಸರ್ಟಿಫಿಕೇಟಿನ ನಕಲು’ ಅಂದರೆ ಅದೇ ಹಳೆ ಹಾಳೆ ಕೈಗೆ ಬರುತ್ತದೆ. ಕಚೇರಿಯಲ್ಲಿಟ್ಟ ಪಾಲುದಾರಿಕೆ ಪತ್ರದ ಪ್ರತಿಯೂ ಬೇಕಿದ್ದರೆ ಅದನ್ನೂ ಬೇರೆಯಾಗಿ ಬರೆಯಿರಿ. ದುಡ್ಡು ಕಟ್ಟಿದ ರಸೀದಿ, ಅರ್ಜಿಯ ಸ್ವೀಕೃತಿ ಎರಡನ್ನೂ ಇಟ್ಟುಕೊಳ್ಳಿ.

ನಕಲು ಕೈಗೆ ಬಂದಾಗ ಕೌಂಟರ್ ಬಿಡುವ ಮುಂಚೆ ಕೊನೇ ಪುಟದ ಕೆಳಭಾಗ ನೋಡಿ. ಇದು ನಿಜ ನಕಲು ಎಂಬ ಒಕ್ಕಣೆ, ತಾರೀಖು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಕಚೇರಿ ಸೀಲು. ಸಹಿ ಇದ್ದು ಹೆಸರು ಇರುವುದಿಲ್ಲ, ಎಲ್ಲ ಇದ್ದು ತಾರೀಖು ಬಿಟ್ಟಿರುತ್ತಾರೆ. ಅಲ್ಲೇ ಕೇಳಿ ಹಾಕಿಸಿಕೊಳ್ಳಿ. ಫರ್ಮ್ ನೋಂದಣಿ ಆಗಿದೆ ಅನ್ನುವುದಕ್ಕೆ ಕೋರ್ಟಿನಲ್ಲೂ ಈ ನಕಲೇ ಪುರಾವೆ, 68ನೇ ಕಲಂ ನೋಡಿ. ಬಾಕಿ ವಸೂಲಿಗೆ ದಾವೆ ಹೂಡುವ ದಿನ ಬಂದರೆ ಇದೇ ಬೇಕಾಗುತ್ತದೆ. ನೋಂದಣಿ ಆಗದ ಫರ್ಮ್ ಹೊರಗಿನವರ ಮೇಲೆ ವ್ಯವಹಾರದ ಬಾಕಿಗೆ ದಾವೆ ಹಾಕುವಂತಿಲ್ಲ. 100 ರೂಪಾಯಿ ಒಳಗಿನ ಸಣ್ಣ ಬಾಕಿಗೆ ವಿನಾಯಿತಿ ಇದೆ. 1932ರಲ್ಲಿ ಬರೆದ ಅಂಕಿ, ಇನ್ನೂ ಹಾಗೇ ಕೂತಿದೆ.

ಪ್ರಶ್ನೆ: ಆರ್‌ಟಿಐ ಹಾಕಿದರೆ 10 ರೂಪಾಯಿ ಅರ್ಜಿ, ಪುಟಕ್ಕೆ 2 ರೂಪಾಯಿ. ಫರ್ಮಿನ ನಕಲು ಹಾಗೇ ತೆಗೆದುಕೊಂಡರೆ ಅಗ್ಗ ಅಲ್ವಾ?
(ಓದುಗರು, ಜಗಳೂರು)

ಅಗ್ಗ ಹೌದು. ಆದರೆ ನಕಲಿಗೆ ಕಾಯ್ದೆಯಲ್ಲೇ ಬೇರೆ ದಾರಿ, ಬೇರೆ ಶುಲ್ಕ ಇದ್ದಾಗ ಆ ದಾರಿಯಲ್ಲೇ ಬನ್ನಿ ಅನ್ನುತ್ತಾರೆ. ಕಂಪನಿ ರಿಜಿಸ್ಟ್ರಾರ್ ವಿಷಯದಲ್ಲಿ 2012ರಲ್ಲಿ ದೆಹಲಿ ಹೈಕೋರ್ಟ್ ಹೀಗೆ ಹೇಳಿತು. ಕೋರ್ಟ್ ದಾಖಲೆಗಳ ವಿಷಯದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ. ನಾಲ್ಕು ಕಾಸು ಉಳಿಸಲು ಹೋಗಿ ತಿಂಗಳು ಕಾದು ‘ತಿರಸ್ಕರಿಸಲಾಗಿದೆ’ ಅಂತ ಓದುವುದು ಯಾಕೆ? ಕೊಟ್ಟ ಅರ್ಜಿ ಯಾರ ಮೇಜಿನ ಮೇಲೆ ಕೂತಿದೆ ಎಂದು ಕೇಳಲು ಆರ್‌ಟಿಐ ಇಟ್ಟುಕೊಳ್ಳಿ. ಅದಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮದು ಪ್ರೈವೇಟ್ ಲಿಮಿಟೆಡ್. ನಮಗೂ ಜಿಲ್ಲಾ ನೋಂದಣಾಧಿಕಾರಿಯೇ ನಕಲು ಕೊಡುತ್ತಾರಾ?
(ಓದುಗರು, ಹರಿಹರ)

ಇಲ್ಲ. ಕಂಪನಿಗಳದು ಕೇಂದ್ರದ ವ್ಯವಹಾರ. ಕಂಪನಿ ರಿಜಿಸ್ಟ್ರಾರ್ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿದೆ, ಆದರೆ ಅಲ್ಲಿಗೆ ಓಡಬೇಕಿಲ್ಲ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲೇ ದುಡ್ಡು ಕಟ್ಟಿ ದಾಖಲೆ ನೋಡಬಹುದು, ದೃಢೀಕೃತ ನಕಲಿಗೂ ಅಲ್ಲೇ ಅರ್ಜಿ ಹಾಕಬಹುದು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ನೋಡಲು ಇಳಿಸಿಕೊಂಡ ಪಿಡಿಎಫ್ ದೃಢೀಕೃತ ನಕಲಲ್ಲ.

ಪ್ರಶ್ನೆ: ನಮ್ಮ ಎದುರಾಳಿ ಅಂಗಡಿಯವರು ನಮ್ಮ ಫರ್ಮಿನ ನಕಲು ತೆಗೆದುಕೊಂಡಿದ್ದಾರೆ. ನಮ್ಮನ್ನು ಕೇಳದೆ ಕಚೇರಿಯವರು ಕೊಟ್ಟಿದ್ದು ಹೇಗೆ? ದೂರು ಕೊಡಬಹುದಾ?
(ಓದುಗರು, ಚಿತ್ರದುರ್ಗ)

ದೂರು ನಿಲ್ಲುವುದಿಲ್ಲ. ‘ಯಾರಿಗೇ ಆದರೂ’ ಕೊಡಬೇಕು ಅಂತಲೇ ಕಾಯ್ದೆ ಇದೆ. ನಿಮ್ಮ ಜೊತೆ ವ್ಯವಹಾರ ಮಾಡುವವರಿಗೆ ಹಿಂದೆ ಯಾರಿದ್ದಾರೆ ಅಂತ ಗೊತ್ತಾಗಲಿ ಎಂದೇ ಆ ಪುಸ್ತಕ ಇಟ್ಟಿರುವುದು. ಸಿಟ್ಟು ಬಿಡಿ, ನೀವೂ ಅದನ್ನು ಬಳಸಿಕೊಳ್ಳಿ. ಹೊಸ ಪಾರ್ಟಿಗೆ ಲೋಡುಗಟ್ಟಲೆ ಮಾಲು ಉದ್ರಿ ಕೊಡುವ ಮುಂಚೆ ಅವರ ಫರ್ಮಿನ ನಮೂದು ತೆಗೆಸಿ ನೋಡಿ. ‘ನಾನೇ ಪಾರ್ಟ್ನರ್’ ಅಂತ ಚೆಕ್ ಬರೆಯುವ ಮನುಷ್ಯನ ಹೆಸರು ಅದರಲ್ಲಿ ಇಲ್ಲದಿದ್ದರೆ ಲಾರಿ ಲೋಡ್ ಮಾಡಿಸುವ ಮುಂಚೆಯೇ ಅವನನ್ನು ಕೂರಿಸಿಕೊಂಡು ಕೇಳಿ.