ಮುಂಬೈನ ಅನುದಾನಿತ ಕನ್ನಡ ಶಾಲೆಯಲ್ಲಿ ಟ್ರಸ್ಟಿಯ ಸೊಸೆಗೇ ಟೀಚರ್ ಕೆಲಸ ಕೊಟ್ಟಿದ್ದಾರೆ. ನಾವು ಪ್ರಶ್ನೆ ಮಾಡಬಹುದಾ?

ಖಂಡಿತ ಮಾಡಬಹುದು. ಅನುದಾನಿತ ಶಾಲೆ ಅಂದರೆ ಸಂಬಳ ಸರ್ಕಾರದ್ದು, ಅಲ್ವಾ? ಮಹಾರಾಷ್ಟ್ರದಲ್ಲಿ ಶಿಕ್ಷಕರ ನೇಮಕಕ್ಕೆ 2017ರಲ್ಲಿ ಪವಿತ್ರ ಅನ್ನೋ ಸರ್ಕಾರಿ ಆನ್‌ಲೈನ್ ಪೋರ್ಟಲ್ ಬಂತು. 200 ಅಂಕದ ಪರೀಕ್ಷೆ ಬರೆಯಬೇಕು. ಆದರೆ ಕನ್ನಡ ಶಾಲೆಗೆ ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇದ್ದರೆ, ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿಯ ಬಲದಿಂದ ಆಯ್ಕೆ ಸಂಸ್ಥೆಯ ಕೈಯಲ್ಲೇ ಇರುತ್ತದೆ. ವಶೀಲಿ ನುಗ್ಗುವುದು ಅಲ್ಲೇ.

ನನ್ನ ಅಕ್ಕ ಡೊಂಬಿವಲಿಯಿಂದ ಲೋಕಲ್ ಹಿಡಿದು ಒಂದು ಶಾಲೆಯ ಸಂದರ್ಶನಕ್ಕೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಬೇರೊಬ್ಬರ ಹೆಸರು ಆಗಲೇ ಬರೆದಿತ್ತು! ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸೊಸೆಗೆ ಅರ್ಹತೆ ಇದ್ದರೆ ತಪ್ಪೇನಿಲ್ಲ. ಜಾಹೀರಾತು, ಅಭ್ಯರ್ಥಿಗಳ ಅಂಕ, ಶಿಕ್ಷಣಾಧಿಕಾರಿಯ ಒಪ್ಪಿಗೆ ಪತ್ರ, ಇವನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿಗೆ 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು.